ಟಾರ್ಚು ಆರಲಿಲ್ಲ

ಸುಣ್ಣದ ಭಟ್ಟಿಯಲ್ಲಿ ಕೆಲಸ ಮಾಡುವವರು ಬೆವರಬಾರದು. ಬೆವರಿದ ಮೈಮೇಲೆ ಸುಟ್ಟ ಸುಣ್ಣದ ಹುಡಿ ಕೂತರೆ ಅಲ್ಲೇ ಕುದಿಯುತ್ತದೆ. ಕುತ್ತಿಗೆ, ಕಂಕುಳು, ಬೆರಳ ಸಂದು. ರವಿಕೆಯ ಅಂಚು ಎಲ್ಲೆಲ್ಲಿ ಬಿಗಿಯುತ್ತದೋ ಅಲ್ಲೆಲ್ಲ ಹೆಂಗಸರಿಗೆ ಕೆಂಪು ಗೆರೆ. ನೀರು ಹಾಕಿ ತೊಳೆಯುವ ಹಾಗಿಲ್ಲ, ಇನ್ನೂ ಉರಿಯುತ್ತದೆ. ಮೊದಲು ಬಟ್ಟೆಯಿಂದ ಒರೆಸಿ, ಎಣ್ಣೆ ಹಚ್ಚಿ, ಹಲ್ಲು ಕಚ್ಚಿ ಕೂರಬೇಕು. ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ಬೆವರಬೇಡಿ ಎಂದು ಯಾರಾದರೂ ಹೇಳಿಯಾರೆ? ನಮ್ಮ ಸಾಹುಕಾರ ಹೇಳುತ್ತಿದ್ದ. "ನಿಧಾನಕ್ಕ ಮಾಡ್ರಿ, ಬೆವರಬ್ಯಾಡ್ರಿ" ಅನ್ನುತ್ತಿದ್ದ. ಅದೇ ಬಾಯಲ್ಲಿ "ಲಾರಿ ನಿಂತೈತಿ, ಲಗೂ ಮಾಡ್ರಿ" ಅನ್ನುತ್ತಿದ್ದ.

ನಾನು ಗುಲ್ನಾಜ್. ಕುರುಗೋಡಿನ ಹೊರಗೆ, ಗುಡ್ಡದ ಬುಡದಲ್ಲಿ, ಮೈಲಾರಲಿಂಗಪ್ಪ ಎಂಬ ಸಾಹುಕಾರನ ಎರಡು ಭಟ್ಟಿಗಳಿವೆ. ನನ್ನ ಅಪ್ಪ ನನ್ನೇಸಾಬ ಅಲ್ಲಿ ಇಪ್ಪತ್ತಾರು ವರ್ಷ ದುಡಿದ. ಅವ್ವ ಗುಲ್ಜಾರಬೀ ಅವನನ್ನು ಮದುವೆಯಾದ ಮೂರನೇ ದಿನ ಅಲ್ಲಿ ಬುಟ್ಟಿ ಹೊತ್ತಳು. ಅಂಗಳದ ಮೂಲೆಯಲ್ಲಿರುವ ತಗಡಿನ ಶೆಡ್ಡುಗಳಲ್ಲಿ ಒಂದು ನಮ್ಮದು. ನಮ್ಮದು ಅಂದರೆ ಸಾಹುಕಾರನದು. ನಾನು ಪಿಯುಸಿ ಸೈನ್ಸ್ ಪಾಸು ಮಾಡಿ, ಮುಂದೆ ಓದಲಾಗದೆ, ಅದೇ ಅಂಗಳದಲ್ಲಿ ಚೀಲಕ್ಕೆ ಸುಣ್ಣ ತುಂಬುತ್ತಿದ್ದೆ.

ಕಲ್ಲು ಆಂಧ್ರದ ಕಡೆಯಿಂದ ಲಾರಿಯಲ್ಲಿ ಬರುತ್ತದೆ. ಅದನ್ನು ಸುತ್ತಿಗೆಯಿಂದ ಮುಷ್ಟಿ ಗಾತ್ರಕ್ಕೆ ಒಡೆಯುವವರು ಹೆಂಗಸರು. ತಲೆಮೇಲೆ ಹೊತ್ತು ಭಟ್ಟಿಯ ಬಾಯಿಗೆ ಏರಿಸುವವರೂ ಅವರೇ. ಭಟ್ಟಿ ಅಂದರೆ ನೆಲದ ಮೇಲೆ ಎಬ್ಬಿಸಿದ ಕಲ್ಲಿನ ಬಾವಿ, ಮೂರಾಳು ಎತ್ತರ. ಒಂದು ಪದರ ಕಲ್ಲು, ಒಂದು ಪದರ ಕಲ್ಲಿದ್ದಲು, ಹೀಗೆ ಬಾಯಿಯವರೆಗೆ ತುಂಬಿ ಕೆಳಗಿನ ಕಿಂಡಿಯಿಂದ ಬೆಂಕಿ ಕೊಡುತ್ತಾರೆ. ಐದು ದಿನ ಉರಿಯುತ್ತದೆ. ಉರಿದ ಮೇಲೆ ಕಲ್ಲು ಕುಸಿದು ಅರ್ಧ ಭಟ್ಟಿ ಖಾಲಿಯಾಗುತ್ತದೆ. ಕಿಂಡಿಗಳಿಗೆ ಮಣ್ಣು ಮೆತ್ತಿ ನಾಲ್ಕು ದಿನ ತಣ್ಣಗಾಗಲು ಬಿಡಬೇಕು. ಆಮೇಲೆ ಒಬ್ಬ ಗಂಡಸು ಮೇಲಿನಿಂದ ಏಣಿ ಇಳಿದು, ಒಂದಕ್ಕೊಂದು ಅಂಟಿಕೊಂಡ ಸುಣ್ಣದ ಗಟ್ಟಿಗಳನ್ನು ಹಾರೆಯಿಂದ ಬಿಡಿಸಬೇಕು. ಆ ಒಬ್ಬ ಗಂಡಸು ಯಾವಾಗಲೂ ಅಪ್ಪನೇ ಆಗಿದ್ದ. ಅವನಿಗೆ ಗಟ್ಟಿಯ ಸಂದು ಗೊತ್ತಾಗುತ್ತಿತ್ತು. ಬೇರೆಯವರು ಹತ್ತು ಏಟು ಹಾಕುವಲ್ಲಿ ಅವನು ಎರಡು ಹಾಕುತ್ತಿದ್ದ.

ಇನ್ನೊಂದು ವಿಷಯ ಹೇಳಬೇಕು. ಸುಟ್ಟ ಕಲ್ಲು ಹಗುರಾಗುತ್ತದೆ. ನೂರು ಕ್ವಿಂಟಲ್ ಹಾಕಿದರೆ ಸಿಗುವುದು ಐವತ್ತಾರು. ಉಳಿದ ನಲವತ್ತನಾಲ್ಕು ಎಲ್ಲಿ ಹೋಯಿತು? ನಾವು ಕದ್ದೆವು ಎಂದು ಮೈಲಾರಲಿಂಗಪ್ಪನ ನಂಬಿಕೆ. ಸುಣ್ಣ ಕದ್ದು ನಾವೇನು ತಾಜಮಹಲಿಗೆ ಬಳಿಯುತ್ತೇವೆಯೆ? ಆದರೂ ಸಂಜೆ ಗೇಟಿನಲ್ಲಿ ನಿಲ್ಲಿಸಿ ಹೆಂಗಸರ ಸೆರಗು ಕೊಡವಿಸುತ್ತಿದ್ದ. ಕೊಡವಿದರೆ ಹುಡಿ ಹಾರದೆ ಇರುತ್ತದೆಯೆ? "ನೋಡಿದ್ರೇನು, ಬಿತ್ತು" ಅನ್ನುತ್ತಿದ್ದ. ಗಾದೆಮ್ಮ ನಮ್ಮೆಲ್ಲರಿಗಿಂತ ಹಿರಿಯಳು. ಒಂದು ದಿನ ಸೀರೆಯನ್ನೇ ಬಿಚ್ಚಿ ಅವನ ಕೈಗೆ ಕೊಡಲು ಹೋದಳು. "ತಗೋ, ಒಗದು ಕೊಡು" ಅಂದಳು. ಅವನು ಬಾಯಿ ಮುಚ್ಚಿಕೊಂಡು ಒಳಗೆ ಹೋದ. ಮರುದಿನ ಮತ್ತೆ ಕೊಡವಿಸಿದ.

ಅದನ್ನು ನಿಲ್ಲಿಸಿದವಳು ನಾನು. ಆಗ ಹತ್ತನೇ ತರಗತಿ ಮುಗಿದಿತ್ತು. ಭಟ್ಟಿಯ ಗುಮಾಸ್ತ ರಾಘಣ್ಣನವರ ಮುಂದೆ ಒಂದು ಹಾಳೆ ಇಟ್ಟೆ. ರಾಘಣ್ಣ ಬಳ್ಳಾರಿಯ ಬ್ರೂಸ್‌ಪೇಟೆಯಿಂದ ದಿನಾ ಬಸ್ಸಿಗೆ ಬರುವವರು, ಡಿಗ್ರಿ ಓದಿದವರು, ನಮ್ಮ ಕೈಯ ನೀರು ಮುಟ್ಟದವರು. ಹಾಳೆಯಲ್ಲಿ ಬರೆದಿದ್ದೆ: ಕ್ಯಾಲ್ಸಿಯಂ ಕಾರ್ಬೊನೇಟನ್ನು ಕಾಯಿಸಿದರೆ ಕ್ಯಾಲ್ಸಿಯಂ ಆಕ್ಸೈಡು, ಜೊತೆಗೆ ಕಾರ್ಬನ್ ಡೈಆಕ್ಸೈಡು. ನೂರು ಭಾಗ ಕಲ್ಲಿಗೆ ಐವತ್ತಾರು ಭಾಗ ಸುಣ್ಣ, ನಲವತ್ತನಾಲ್ಕು ಭಾಗ ಗಾಳಿ.

ರಾಘಣ್ಣ ಎರಡು ಸಲ ಓದಿದರು. "ಸರಿ ಐತಲ್ಲೇ ಹುಡುಗಿ" ಅಂದರು. ಸಾಹುಕಾರನಿಗೆ ತಿಳಿಸಿ ಹೇಳಿದರು. ಸೆರಗು ಕೊಡವಿಸುವುದು ನಿಂತಿತು. ಯಾರೂ ತಪ್ಪಾಯಿತು ಅನ್ನಲಿಲ್ಲ. ಅಪ್ಪ ಮಾತ್ರ ಒಂದು ತಿಂಗಳು ಎದೆಯುಬ್ಬಿಸಿ ಓಡಾಡಿದ. ಚಹಾದಂಗಡಿಯಲ್ಲಿ, ಮಸೀದಿಯ ಮೆಟ್ಟಿಲಲ್ಲಿ, ಸಿಕ್ಕಸಿಕ್ಕವರಿಗೆ, "ನನ್ನ ಮಗಳು ಕಲ್ಲಿನ ಕಳವು ಹಿಡದಾಳ" ಅಂದ. ಅವತ್ತಿನಿಂದ ಅವನಿಗೆ ನನ್ನ ಪುಸ್ತಕದ ಮೇಲೆ ನಂಬಿಕೆ ಬಂತು. ಬರಬಾರದಿತ್ತು.

ಭಟ್ಟಿಗೆ ಇಳಿಯುವ ಮೊದಲು ನಮ್ಮವರು ದೀಪ ಕೇಳುತ್ತಾರೆ. ಹಾಗೆಂದರೆ ಒಂದು ಡಬ್ಬಿಯಲ್ಲಿ ಸೀಮೆಎಣ್ಣೆಯ ಬುಡ್ಡಿ ಹಚ್ಚಿಟ್ಟು, ಹಗ್ಗದಲ್ಲಿ ಕೆಳಗೆ ಬಿಡುವುದು. ಅಪ್ಪ ಬಿಸ್ಮಿಲ್ಲಾ ಅನ್ನುತ್ತಿದ್ದ. ಹಗ್ಗ ಹಿಡಿಯುವ ಪರಶು ಎಲ್ಲಮ್ಮನನ್ನು ನೆನೆಯುತ್ತಿದ್ದ. ಬುಡ್ಡಿ ತಳ ಮುಟ್ಟಿಯೂ ಉರಿಯುತ್ತಿದ್ದರೆ ಮನುಷ್ಯ ಇಳಿಯುತ್ತಾನೆ. ಆರಿದರೆ ಇಳಿಯುವುದಿಲ್ಲ. ಕೆಳಗಿನ ಕಿಂಡಿಗಳನ್ನು ಒಡೆದು, ಗಾಳಿಯಾಡಲು ಬಿಟ್ಟು, ಮರುದಿನ ಮತ್ತೆ ಕೇಳುತ್ತಾರೆ. ಯಾಕೆ ಎಂದರೆ ಯಾರಿಗೂ ಗೊತ್ತಿರಲಿಲ್ಲ. "ಕಲ್ಲು ಉಸಿರು ಬಿಡತಿರತೈತಿ, ಅದರ ಉಸಿರಿನಾಗ ನಾವು ಹೋಗಬಾರದು" ಎಂದು ಅಜ್ಜ ಹೇಳುತ್ತಿದ್ದನಂತೆ. ಅಷ್ಟೇ. ಓದು ಬಾರದ ಜನ. ಆದರೆ ಮೂರು ತಲೆಮಾರು ಯಾರೂ ಭಟ್ಟಿಯಲ್ಲಿ ಸತ್ತಿರಲಿಲ್ಲ.

ಸಂಕ್ರಾಂತಿ ಆದ ಮೇಲೆ ಸಿರುಗುಪ್ಪದ ಕಡೆ ಕಬ್ಬು ಅರೆಯುವುದು ಜೋರಾಯಿತು. ಸಕ್ಕರೆ ಮಾಡುವಾಗ ಕಬ್ಬಿನ ಹಾಲು ತಿಳಿಯಾಗಲು ಸುಣ್ಣ ಬೇಕು. ದಿನಾ ಲಾರಿ ಬಂದು ನಿಲ್ಲುತ್ತಿತ್ತು. ನಾಲ್ಕು ದಿನ ತಣ್ಣಗಾಗಬೇಕಾದ ಭಟ್ಟಿಯನ್ನು ಎರಡೇ ದಿನಕ್ಕೆ ತೆಗೆಯಿರಿ ಎಂದು ಸಾಹುಕಾರ ಹಟ ಹಿಡಿದ. ಎರಡು ದಿನಕ್ಕೆ ದೀಪ ಕೇಳಿದರೆ ಪ್ರತಿ ಸಲವೂ ಆರುತ್ತಿತ್ತು. ಅಪ್ಪ ಇಳಿಯುತ್ತಿರಲಿಲ್ಲ. ಒಂದು ದಿನ ಸಾಹುಕಾರ ಬಂದವನೇ ಡಬ್ಬಿಯನ್ನು ಒದ್ದ. ಬುಡ್ಡಿ ಒಡೆದು ಸೀಮೆಎಣ್ಣೆ ಚೆಲ್ಲಿತು.

"ಗಾಳಿಗಿ ಆರೋ ದೀಪಾನ ಕೇಳಿ ಬದುಕು ಮಾಡ್ತೀರೇನಲೇ?" ಅಂದ. "ತಗೋ. ಬ್ರೂಸ್‌ಪೇಟಿಂದ ತರಿಸೀನಿ. ಇದು ಆರೂದಿಲ್ಲ."

ಎರಡು ಹೊಸ ಟಾರ್ಚು. ಚಾರ್ಜು ಮಾಡುವಂಥವು, ಕಣ್ಣು ಕುಕ್ಕುವ ಬೆಳಕು. ಇನ್ನು ಮುಂದೆ ಅಂಗಳದಲ್ಲಿ ಬುಡ್ಡಿ ಕಂಡರೆ ಶೆಡ್ಡು ಖಾಲಿ ಮಾಡಿಸುತ್ತೇನೆ ಎಂದು ಹೇಳಿ ಹೋದ.

ಅವತ್ತು ಸಂಜೆ ಅಪ್ಪ ರೊಟ್ಟಿ ಮುರಿಯುತ್ತ ಕೂತಿದ್ದ. ಆಮೇಲೆ ನನ್ನನ್ನು ಕೇಳಿದ. "ಗುಲ್ನಾಜ್, ಕಲ್ಲಿನಿಂದ ಗಾಳಿ ಬರತೈತಿ ಅಂದಿದ್ದೆಲ್ಲ. ಆ ಗಾಳಿ ಎತ್ತಾಗ ಹೋಗತೈತಿ? ನಿನ್ನ ಪುಸ್ತಕದಾಗ ಐತೇನು?"

ನಾನು ಟ್ರಂಕಿನಿಂದ ಹತ್ತನೇ ತರಗತಿಯ ಪುಸ್ತಕ ತೆಗೆದೆ. ಅದೇ ಸಮೀಕರಣ. ಕೊನೆಯಲ್ಲಿ ಕಾರ್ಬನ್ ಡೈಆಕ್ಸೈಡಿನ ಪಕ್ಕ ಒಂದು ಚಿಕ್ಕ ಬಾಣ, ತಲೆ ಮೇಲಕ್ಕೆ.

"ಮ್ಯಾಲ ಹೋಗತೈತಿ ಅಪ್ಪಾ. ನೋಡು, ಬಾಣ ಹಾಕ್ಯಾರ."

ಅಪ್ಪನಿಗೆ ಓದು ಬರುವುದಿಲ್ಲ. ಬಾಣ ಯಾರಿಗಾದರೂ ಗೊತ್ತಾಗುತ್ತದೆ. ಬಿರುಕುಬಿಟ್ಟ ಬೆರಳನ್ನು ಅದರ ಮೇಲಿಟ್ಟು ನೋಡಿದ. "ಮ್ಯಾಲ ಹೋದ್ರ ಮತ್ತೇನೈತಿ. ಟಾರ್ಚೇ ಸಾಕು ಬಿಡು" ಅಂದ.

ಆ ಬಾಣ ಸುಳ್ಳಲ್ಲ. ಅನಿಲ ಹೊರಬೀಳುತ್ತದೆ ಎಂಬುದಕ್ಕೆ ಅದೊಂದು ಗುರುತು, ಅಷ್ಟೇ. ಆ ಅನಿಲ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ, ಬೆಂಕಿಯನ್ನು ಆರಿಸುತ್ತದೆ ಎಂದು ಅದೇ ಪುಸ್ತಕದ ಇನ್ನೊಂದು ಪುಟದಲ್ಲಿದೆ. ಅದನ್ನೂ ನಾನು ಓದಿದ್ದೆ. ಅದಕ್ಕೂ ಅಂಕ ತೆಗೆದಿದ್ದೆ. ಎರಡು ಪುಟಗಳನ್ನು ಕೂಡಿಸಿ ನೋಡಲಿಲ್ಲ. ಭಟ್ಟಿಯ ಅಂಗಳದಲ್ಲಿ ಹುಟ್ಟಿ ಬೆಳೆದವಳು ನಾನು. ಪುಸ್ತಕ ಓದುವಾಗ ಭಟ್ಟಿಯನ್ನು ಮರೆತೆ.

ಮರುದಿನ ಹನ್ನೊಂದು ಗಂಟೆಗೆ ಅಪ್ಪ ಟಾರ್ಚು ಹಿಡಿದು, ಕಿಂಡಿ ಮೆತ್ತಿ ಎರಡೇ ದಿನವಾಗಿದ್ದ ಒಂದನೇ ಭಟ್ಟಿಗೆ ಇಳಿದ. ಸ್ವಲ್ಪ ಹೊತ್ತಿಗೆ ಮೇಲಿನಿಂದ ಪರಶು ಕೂಗುವುದು ಕೇಳಿಸಿತು. "ನನ್ನೇಸಾಬಣ್ಣಾ! ಓ ನನ್ನೇಸಾಬಣ್ಣಾ!" ನಾನು ಚೀಲ ಬಿಟ್ಟು ಓಡಿದೆ. ಭಟ್ಟಿಯ ಬಾಯಲ್ಲಿ ಬಗ್ಗಿ ನೋಡಿದೆ. ಒಳಗೆ ಹಗಲಿನಂಥ ಬೆಳಕು. ಟಾರ್ಚು ಸುಣ್ಣದ ಮೇಲೆ ಬಿದ್ದು ಉರಿಯುತ್ತಿತ್ತು. ಅಪ್ಪ ಗೋಡೆಗೆ ಒರಗಿ, ದಣಿವಾಗಿ ಕೂತವನ ಹಾಗೆ, ಕಾಲು ಚಾಚಿ ಕೂತಿದ್ದ. ಕಣ್ಣು ತೆರೆದಿತ್ತು. ಪರಶು ಏಣಿಗೆ ಕಾಲಿಟ್ಟ. ಗಾದೆಮ್ಮ ಅವನ ಕಾಲನ್ನು ಎರಡೂ ಕೈಯಿಂದ ಅವುಚಿ ಹಿಡಿದಳು. "ಒಬ್ಬಂವ ಸಾಕಲೇ, ಒಬ್ಬಂವ ಸಾಕು" ಎಂದು ಅರಚಿದಳು. ಕೆಳಗೆ ಹೋಗಿ ಕಿಂಡಿ ಒಡೆದೆವು. ಕೈಯಿಂದಲೇ ಒಡೆದೆವು. ನನ್ನ ನಾಲ್ಕು ಉಗುರು ಹೋದವು. ಮೇಲಿನಿಂದ ಕೊಕ್ಕೆ ಹಾಕಿ ಎಳೆದು ತೆಗೆಯುವ ಹೊತ್ತಿಗೆ ಮಧ್ಯಾಹ್ನದ ಅಜಾನ್ ಆಗಿತ್ತು.

ಮೈಮೇಲೆ ಒಂದು ಗಾಯವಿಲ್ಲ. ಸಾಹುಕಾರ ಬಂದು ನೋಡಿದ. ಮೊದಲ ಮಾತು, "ಕುಡದಿದ್ದನೇನು?"

ಎರಡನೇ ಮಾತು ಜಮಾತಿನ ಹಿರಿಯರ ಜೊತೆ. ಆಸ್ಪತ್ರೆಗೆ ಒಯ್ದರೆ ಮೈ ಕೊಯ್ಯುತ್ತಾರೆ, ನಿಮ್ಮಲ್ಲಿ ಅದು ಪಾಪ ಅಲ್ಲವೇ, ಸುಮ್ಮನೆ ಮಣ್ಣು ಮಾಡಿಬಿಡಿ ಅಂದ. ನಮ್ಮ ಧರ್ಮ ಅವತ್ತು ಅವನಿಗೆ ಬಹಳ ಚೆನ್ನಾಗಿ ಗೊತ್ತಿತ್ತು. ಹಿರಿಯರು ತಲೆಯಾಡಿಸಿದರು. ಸೂರ್ಯ ಇಳಿಯುವ ಮೊದಲು ಅಪ್ಪ ಮಣ್ಣಿನೊಳಗಿದ್ದ.

ಅಪ್ಪ ಕುಡಿಯುತ್ತಿದ್ದ. ಅದನ್ನು ಯಾಕೆ ಮುಚ್ಚಿಡಲಿ? ವಾರಕ್ಕೆರಡು ಸಲ, ಮೈಕೈ ನೋವು ಅಂತ. ಅವತ್ತು ಕುಡಿದಿರಲಿಲ್ಲ. ಬೆಳಿಗ್ಗೆ ನಾನೇ ಚಹಾ ಕೊಟ್ಟು ಕಳಿಸಿದ್ದೆ. ಊರಿಗೆ ಅದು ಬೇಕಾಗಿರಲಿಲ್ಲ. ಕುಡುಕ ಸತ್ತ ಅಂದರೆ ಎಲ್ಲರಿಗೂ ಹಗುರ. ಚಹಾದಂಗಡಿಯವನು ಹಾಗೇ ಅಂದ. ಮಸೀದಿಯ ಮೆಟ್ಟಿಲಲ್ಲಿ ಕೂತವರು ಅವ್ವ ಬಂದರೆ ಮುಖ ತಿರುಗಿಸಿದರು.

ಮೂರನೇ ದಿನ ನಾನು ಕಾರ್ಮಿಕ ಇಲಾಖೆಗೆ ಅರ್ಜಿ ಬರೆದು ರಿಜಿಸ್ಟರ್ ಪೋಸ್ಟ್ ಮಾಡಿದೆ. ಟಾರ್ಚಿನ ವಿಷಯ ಬರೆದೆ, ಎರಡು ದಿನದ ವಿಷಯ ಬರೆದೆ. ಬಾಣದ ವಿಷಯ ಬರೆಯಲಿಲ್ಲ. ಅದನ್ನು ಅವ್ವನಿಗೂ ಹೇಳಿರಲಿಲ್ಲ. ಅವ್ವ ರೊಟ್ಟಿ ಬಡಿಯುವಾಗ ಅವಳ ಬೆನ್ನು ನೋಡುತ್ತ ಕೂರುತ್ತಿದ್ದೆ. ಹೇಳಬೇಕು ಅನ್ನಿಸುತ್ತಿತ್ತು, ಬಾಯಿ ಬರುತ್ತಿರಲಿಲ್ಲ.

ವಿಚಾರಣೆಗೆ ಅಧಿಕಾರಿ ಬಂದದ್ದು ಹದಿನಾರನೇ ದಿನ. ಶ್ರೀಕೃತಿ ಅಂತ ಹೆಸರು, ನನಗಿಂತ ಐದಾರು ವರ್ಷ ದೊಡ್ಡವರು. ಬೇವಿನ ಮರದ ಕೆಳಗೆ ಮೇಜು ಹಾಕಿದ್ದರು. ಸಾಹುಕಾರ ಎಳನೀರು ತರಿಸಿದ್ದ. ಅಂಗಳದ ಆಚೆ ಬದಿಯಲ್ಲಿ ಲಾರಿ ನಿಂತಿತ್ತು. ಎರಡನೇ ಭಟ್ಟಿ ಉರಿದು, ಕಿಂಡಿ ಮೆತ್ತಿ ಅವತ್ತಿಗೆ ಎರಡು ದಿನ. ಅಪ್ಪನ ಕೆಲಸಕ್ಕೆ ಪರಶುವನ್ನು ಹಾಕಿದ್ದರು. ಅವನು ಟಾರ್ಚು ಹಿಡಿದು ಭಟ್ಟಿಯ ಬಾಯಲ್ಲಿ ಕೂತಿದ್ದ. ಹೋದ ವರ್ಷ ಮದುವೆಯಾದವನು. ಮುಖ ಬೂದಿಯಾಗಿತ್ತು.

ರಾಘಣ್ಣ ಒಂದು ಕಾಗದ ಓದಿದರು. ದುಂಡಗಿನ ಅಕ್ಷರ, ಅವರದೇ. "ನನ್ನ ಗಂಡನಾದ ನನ್ನೇಸಾಬನು ಮದ್ಯದ ಅಮಲಿನಲ್ಲಿ, ಮಾಲೀಕರ ಅಪ್ಪಣೆಯಿಲ್ಲದೆ, ತಾನಾಗಿಯೇ ಭಟ್ಟಿಗೆ ಇಳಿದು ಮೃತನಾದನು. ಇದಕ್ಕೆ ಯಾರೂ ಹೊಣೆಯಲ್ಲ. ನನ್ನ ಮಗಳು ತಿಳಿಯದೆ ಅರ್ಜಿ ಬರೆದಿದ್ದಾಳೆ. ಅದನ್ನು ಹಿಂದಕ್ಕೆ ಪಡೆಯುತ್ತೇನೆ."

ಇಂಕಿನ ಡಬ್ಬಿಯನ್ನು ಅವ್ವನ ಮುಂದೆ ಸರಿಸಿದರು.

"ಹೆಬ್ಬಟ್ಟು ಒತ್ತವಾ" ಅಂದ ಸಾಹುಕಾರ. "ಶೆಡ್ಡು ನಿನ್ನ ಹೆಸರಿಗೇ ಇರತೈತಿ. ಹುಡುಗೀಗಿ ಆಫೀಸಿನಾಗ ಕುಂದ್ರೋ ಕೆಲಸ ಕೊಡ್ತೀನಿ. ಒತ್ತಲಿಲ್ಲಾ ಅಂದ್ರ, ನಾಳಿ ಬ್ಯಾರೆ ಕಡೆ ನೋಡ್ಕೊಬೇಕಾಕ್ಕೈತಿ."

ಅವ್ವ ತನ್ನ ಹೆಬ್ಬೆರಳು ನೋಡಿಕೊಂಡಳು. ಸುಣ್ಣ ತಿಂದ ಬೆರಳು. ಗೆರೆ ಯಾವತ್ತೋ ಸವೆದುಹೋಗಿತ್ತು. ಒತ್ತಿದರೂ ಅದರಲ್ಲಿ ಒಂದು ಮಸಿಯ ಬೊಟ್ಟು ಬಿಟ್ಟರೆ ಏನೂ ಮೂಡುತ್ತಿರಲಿಲ್ಲ.

"ಒತ್ತೂದಿಲ್ಲ" ಅಂದಳು.

"ಯಾಕಮ್ಮ?" ಅಂತ ಮೇಡಂ ಕೇಳಿದರು. ಅವರಿಗೂ ಬೇಗ ಮುಗಿಸಿ ಹೋಗಬೇಕಿತ್ತು ಅಂತ ಕಾಣುತ್ತದೆ. ಗಡಿಯಾರ ನೋಡಿಕೊಂಡರು.

"ತಾನಾಗೇ ಇಳೀಲಿಲ್ರಿ. ಇಳಿ ಅಂದ್ರು, ಇಳದ. ದೀಪಾ ಕೇಳಾಕ ಬಿಡಲಿಲ್ಲ. ಭಟ್ಟಿಯೊಳಗ ಕಲ್ಲಿನ ಉಸಿರು ನಿಂತಿತ್ತು. ಅದು ಕೊಂದೈತಿ."

ಸಾಹುಕಾರ ನಕ್ಕ. "ಕಲ್ಲಿನ ಉಸಿರಂತ. ಮೇಡಂ, ಇವರದು ಹಿಂಗ. ದೆವ್ವ ಅಂತಾರ, ಉಸಿರು ಅಂತಾರ. ಗ್ಯಾಸು ಮ್ಯಾಲ ಹೋಗತೈತಿ, ಕೆಳಗ ಹೆಂಗ ನಿಂದರತೈತಿ? ಹೊಗಿ ಮ್ಯಾಲ ಹೋಗೂದು ಎಲ್ಲಾರೂ ನೋಡೀವಿ. ಬೇಕಾದ್ರ ಇಕೀ ಮಗಳನ್ನ ಕೇಳ್ರಿ. ಸೈನ್ಸ್ ಓದ್ಯಾಳ. ಪರಶೂನ ಮುಂದ ಅವರಪ್ಪನೇ ಹೇಳಿದ್ದನಂತ, ಪುಸ್ತಕದಾಗ ಬಾಣ ಐತಿ, ಮ್ಯಾಲ ಹೋಗತೈತಿ ಅಂತ ಮಗಳು ತೋರಿಸ್ಯಾಳ ಅಂತ. ಹೌದಿಲ್ಲೋ?"

ಎಲ್ಲರೂ ನನ್ನ ಕಡೆ ತಿರುಗಿದರು. ಅವ್ವನೂ ತಿರುಗಿದಳು. ಈ ಮನುಷ್ಯ ನನ್ನ ತಪ್ಪನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದ.

"ಹೌದು" ಅಂದೆ. "ಹೇಳಿದ್ದೆ. ತಪ್ಪು ಹೇಳಿದ್ದೆ. ಅದು ಗಾಳಿಗಿಂತ ಭಾರ ಐತಿ. ಕೆಳಗ ನಿಂದರತೈತಿ. ನನಗ ಗೊತ್ತಿತ್ತು. ಆ ಹೊತ್ತಿನಾಗ ನೆನಪಾಗಲಿಲ್ಲ. ಅವ್ವಾ, ನಾನೇ ಅಪ್ಪಗ ಹೇಳಿ ಕಳಿಸಿದೆ."

ಅಳು ಬಂತು. ತಡೆಯಲಿಲ್ಲ. ಅವ್ವ ಹತ್ತಿರ ಬಂದು ನನ್ನ ಕುತ್ತಿಗೆಯ ಹಿಂದೆ ಕೈಯಿಟ್ಟು, ಹಸುಗೂಸನ್ನು ಹಿಡಿಯುವ ಹಾಗೆ ಹಿಡಿದಳು.

"ನೀ ಹೇಳಿದ್ದು ನನಗ ಗೊತ್ತೈತಿ. ನಾ ಒಲಿ ಮುಂದ ಕುಂತಿದ್ದೆ, ಕಿವುಡಿ ಏನು?" ಅಂದಳು. "ಪುಸ್ತಕ ನೀ ತೆಗದೀ. ಬುಡ್ಡಿ ಒದ್ದಾಂವ ಯಾರು? ಟಾರ್ಚು ಕೊಟ್ಟಾಂವ ಯಾರು? ಮುಂದ ನೋಡು."

ಆಮೇಲೆ ತಿರುಗಿ ಕೂಗಿದಳು. "ಗಾದೆಮ್ಮಾ, ನಿಮ್ಮನ್ಯಾಗ ಬುಡ್ಡಿ ಐತಿಲ್ಲ?"

"ಐತಿ. ಕಂದೀಲೂ ಐತಿ."

"ಎರಡೂ ತಗೊಂಡು ಬಾ."

"ಬುಡ್ಡಿ ತಂದ್ರ ಶೆಡ್ಡು ಖಾಲಿ ಅಂತ ಹೇಳೀನಿ!" ಸಾಹುಕಾರ ಎದ್ದು ನಿಂತ.

"ಮಾಡಸು" ಅಂದಳು ಗಾದೆಮ್ಮ ಹೋಗುತ್ತಲೇ. "ನಿನ್ನ ತಗಡಿನ ಕೆಳಗ ಬೇಸಿಗ್ಯಾಗ ಮಲಗೂದಕ್ಕಿಂತ ಈ ಬೇವಿನ ಗಿಡ ತಂಪೈತಿ."

ಎರಡನೇ ಭಟ್ಟಿಯ ಸುತ್ತ ಎಲ್ಲರೂ ಏರಿದೆವು. ಮೇಡಂ ಚಪ್ಪಲಿ ಕಳಚಿ, ಸೀರೆ ಎತ್ತಿ ಕಟ್ಟಿಕೊಂಡು ಏರಿದರು. ಕಲ್ಲು ಬಿಸಿಯಾಗಿತ್ತು. ಅವ್ವ ಪರಶುವಿನ ಕೈಯಿಂದ ಹಗ್ಗ ತೆಗೆದುಕೊಂಡಳು. ಬುಡ್ಡಿ ಹಚ್ಚಿ ಡಬ್ಬಿಯಲ್ಲಿಟ್ಟು ಬಿಟ್ಟಳು. ಎರಡು ಮೊಳ ಇಳಿಯುವವರೆಗೆ ಉರಿಯಿತು. ನಾಲ್ಕನೇ ಮೊಳಕ್ಕೆ ಕುಗ್ಗಿತು. ಐದನೆಯದಕ್ಕೆ ಆರಿತು. ಹೊಗೆಯ ಒಂದು ಎಳೆ ಸಹ ಮೇಲೆ ಬರಲಿಲ್ಲ, ಅಲ್ಲೇ ಚಪ್ಪಟೆಯಾಗಿ ಹರಡಿಕೊಂಡಿತು.

"ಗಾಳಿಗಿ ಆರಿತು" ಅಂದ ಸಾಹುಕಾರ.

ಬೇವಿನ ಎಲೆ ಒಂದೂ ಅಲುಗುತ್ತಿರಲಿಲ್ಲ. ಅವ್ವ ಕಂದೀಲು ಹಚ್ಚಿ, ಗಾಜು ಇಳಿಸಿ, ಬಿಟ್ಟಳು. ಅದೂ ಐದನೇ ಮೊಳಕ್ಕೆ ಆರಿತು. ಅದನ್ನು ತಳಕ್ಕೆ ಇಳಿಸಿ ಅಲ್ಲೇ ಬಿಟ್ಟು, ಪರಶುವಿನ ಟಾರ್ಚನ್ನು ಇನ್ನೊಂದು ಹಗ್ಗಕ್ಕೆ ಕಟ್ಟಿ ಬಿಟ್ಟಳು. ಟಾರ್ಚು ತಳಕ್ಕೆ ಹೋಗಿ, ಆರಿದ ಕಂದೀಲಿನ ಪಕ್ಕ ಕೂತು, ಬೆಳ್ಳಗೆ ಉರಿಯಿತು. ಒಳಗಿನ ಪ್ರತಿ ಕಲ್ಲೂ ಕಾಣುತ್ತಿತ್ತು.

ಮೇಡಂ ಬಹಳ ಹೊತ್ತು ಬಗ್ಗಿ ನೋಡಿದರು. ಗಡಿಯಾರ ನೋಡಿಕೊಳ್ಳುವುದನ್ನು ಬಿಟ್ಟಿದ್ದರು.

ಸಾಹುಕಾರ ಸೋಲುವ ಗಿರಾಕಿಯಲ್ಲ. "ದೀಪಾ ಬ್ಯಾರೆ, ಮನುಷಾ ಬ್ಯಾರೆ ಮೇಡಂ. ಗಟ್ಟಿ ಮನುಷಾಗ ಏನೂ ಆಗೂದಿಲ್ಲ. ಕುಡುದಾಂವಗ ತಲಿ ತಿರಗತೈತಿ, ಬೀಳ್ತಾನ. ಇಕಿನ್ನೇ ಕೇಳ್ರಿ. ಗುಲ್ಜಾರಬೀ, ನಿನ್ನ ಗಂಡ ಕುಡೀತಿದ್ದನೋ ಇಲ್ಲೋ? ಅಲ್ಲಾನ ಆಣಿ ಮಾಡಿ ಹೇಳು."

ಅವ್ವ ಇಲ್ಲ ಅಂದರೆ ಸುಳ್ಳು. ಹೌದು ಅಂದರೆ ಮುಗಿಯಿತು.

"ಕುಡೀತಿದ್ದ" ಅಂದಳು ಅವ್ವ.

ಸಾಹುಕಾರ ಮೇಡಂ ಕಡೆ ನೋಡಿ ಕೈ ಚೆಲ್ಲಿದ. ರಾಘಣ್ಣ ಕಾಗದದ ಮೇಲೆ ಪೆನ್ನು ಇಟ್ಟರು.

"ಅವತ್ತು ಕುಡದಿದ್ದಿಲ್ಲ. ಆದ್ರ ಕುಡೀತಿದ್ದ, ಸುಳ್ಳು ಯಾಕ ಹೇಳಲಿ" ಅಂದಳು ಅವ್ವ. ಏಣಿಯನ್ನು ಎಳೆದು ಭಟ್ಟಿಯ ಬಾಯಿಗೆ ಸರಿಯಾಗಿ ಇಟ್ಟಳು. "ಕುಡುದಾಂವ ಅಷ್ಟೇ ಸಾಯ್ತಾನ ಅಂತೀರಿ. ಹಂಗಾದ್ರ ಕುಡೀಲಾರದವರು ಇಳದು ತೋರಸ್ರಿ. ಪರಶು ಇಳಿಯೂದಿಲ್ಲ. ನಮ್ಮ ಪೈಕಿ ಇವತ್ತ ಯಾರೂ ಇಳಿಯೂದಿಲ್ಲ. ನೀವು ಇಳೀರಿ ಸಾಹುಕಾರ್ರೇ."

ಪರಶು ಏಣಿಯ ಹತ್ತಿರದಿಂದ ಎದ್ದು ಬಂದು ನಮ್ಮ ಜೊತೆ ನಿಂತ.

"ನಾ ಯಾಕಲೇ ಇಳೀಲಿ?" ಅಂದ ಸಾಹುಕಾರ.

"ಹೌದು ಬಿಡ್ರಿ. ನೀವೂ ಸಂಜೀಕ ತಗೋತೀರಿ. ನಿಮ್ಮನ್ನ ಬಿಡ್ತೀನಿ."

ಹೆಂಗಸರು ಕಿಸಕ್ಕನೆ ನಕ್ಕರು. ಲಾರಿಯ ಡ್ರೈವರೂ ನಕ್ಕ. ಸಾಹುಕಾರನ ಕಿವಿ ಕೆಂಪಾಯಿತು.

ಅವ್ವ ರಾಘಣ್ಣನವರ ಕಡೆ ತಿರುಗಿದಳು. ಅವಳ ದನಿ ತಗ್ಗಿತು. "ರಾಘಣ್ಣೋರೆ, ನೀವು ಬರ್ರಿ. ಇವತ್ತ ಏಕಾದಶಿ. ಇಪ್ಪತ್ತು ವರ್ಷದಿಂದ ನೋಡೀನಿ, ಇವತ್ತ ನೀವು ಹನಿ ನೀರು ಸೈತ ಕುಡಿಯೂದಿಲ್ಲ. ನಿಮ್ಮಷ್ಟು ಶುದ್ಧ ಇರೋರು ಈ ಅಂಗಳದಾಗ ಯಾರೂ ಇಲ್ಲ. ನೀವು ಬರದೀರಲ್ಲ, ಅಮಲಿನಾಗ ಸತ್ತ ಅಂತ. ನಿಮಗ ಯಾವ ಅಮಲೂ ಇಲ್ಲ. ಟಾರ್ಚು ಕೆಳಗ ಐತಿ, ತಗೊಂಡು ಮ್ಯಾಲ ಬರ್ರಿ. ಬಂದ್ರ ನಾ ಹೆಬ್ಬಟ್ಟು ಒತ್ತತೀನಿ."

ಯಾರೂ ನಗಲಿಲ್ಲ.

"ಹೋಗ್ರಿ ರಾಘಣ್ಣ, ನಾಲ್ಕು ಮೆಟ್ಟಲಾ ಇಳದು ಬರ್ರಿ, ಇವರ ಬಾಯಿ ಮುಚ್ಚಲಿ" ಅಂದ ಸಾಹುಕಾರ. ಅಂದವನಿಗೂ ಆಮೇಲೆ ತಾನು ಏನು ಅಂದೆ ಅಂತ ಹೊಳೆದಿರಬೇಕು. ಬಾಯಿ ಹಾಗೇ ತೆರೆದಿತ್ತು.

ರಾಘಣ್ಣ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಭಟ್ಟಿಯ ಬಾಯಿಯವರೆಗೆ ಬಂದರು. ಏಣಿಗೆ ಕೈಯಿಟ್ಟರು. ಬಗ್ಗಿ ನೋಡಿದರು. ಕಂದೀಲು ಆರಿ ಬಿದ್ದಿತ್ತು, ಟಾರ್ಚು ಉರಿಯುತ್ತಿತ್ತು. ಅವರ ಹಣೆಯ ಮೇಲೆ ಬೆವರು ಮೂಡಿ, ಅಂಗಾರದ ಕಪ್ಪು ಗೆರೆ ಕದಡಿತು. ಕಲ್ಲಿನ ಲೆಕ್ಕ ಸರಿ ಐತಿ ಎಂದು ಒಂದು ಕಾಲಕ್ಕೆ ಒಪ್ಪಿದ ಮನುಷ್ಯ ಅವರು. ಭಟ್ಟಿಯ ತಳದಲ್ಲಿ ಏನು ನಿಂತಿದೆ ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಬರೆಯುವಾಗಲೂ ಗೊತ್ತಿತ್ತು. ಏಣಿಯಿಂದ ಕೈ ತೆಗೆದರು.

"ಆಗೂದಿಲ್ಲವಾ" ಅಂದರು.

"ಯಾಕ್ರಿ?"

ಅವ್ವ ಒಂದು ಹೆಜ್ಜೆ ಮುಂದೆ ಹೋದಳು.

"ಎಲ್ಲಾರಿಗೂ ಕೇಳೂವಂಗ ಹೇಳ್ರಿ. ಯಾಕ ಆಗೂದಿಲ್ಲ?"

"ಇಳದ್ರ ಸಾಯ್ತೀನಿ, ಗುಲ್ಜಾರಬೀ."

ಅವ್ವ ಹಗ್ಗವನ್ನು ಕೆಳಗೆ ಹಾಕಿ ಮೇಡಂ ಕಡೆ ತಿರುಗಿದಳು.

"ಬರ್ಕೊಳ್ರಿ" ಅಂದಳು. "ಕುಡೀಲಾರದ ಮನುಷಾ, ಓದಿದ ಮನುಷಾ, ಇಳದ್ರ ಸಾಯ್ತೀನಿ ಅಂದ. ನನ್ನ ಗಂಡ ಹೆಂಗ ಸತ್ತ ಅನ್ನೋ ಜಾಗದಾಗ ಅದನ್ನ ಬರೀರಿ."